ರಾಡಿ ಡಬ್ಬಿಗೆ ಮೊಸರಿನ ನೀರು: ಮೂರನೇ ವಾರ

ರಾಡಿಯನ್ನು ಡಬ್ಬಿಗೆ ತುಂಬಿ, ಅದರೊಳಗಿನ ಬ್ಯಾಕ್ಟೀರಿಯಾ ಕೊಡುವ ಕರೆಂಟನ್ನು ಮೀಟರಿನಲ್ಲಿ ಅಳೆಯುತ್ತಿದ್ದೇನೆ. ಹೋದ ವಾರ 210 ಮಿಲಿವೋಲ್ಟ್ ಬಂತು ಅಂತ ಕುಣಿದಾಡಿದ್ದೆ, ಅದು ಸುಳ್ಳು. ಬ್ಯಾಕ್ಟೀರಿಯಾ ಕೊಟ್ಟ ಕರೆಂಟೇ ಅಲ್ಲ ಅದು. ಮೀಟರಿನ ಕ್ಲಿಪ್ ನೀರಿಗೆ ತಾಗಿತ್ತು. ಬಿಚ್ಚಿ ನೋಡಿದರೆ ಅದರ ಹಲ್ಲಿನ ಸಂದಿಯಲ್ಲೆಲ್ಲ ಹಸಿರು ಕಿಲುಬು! ಲೋಹ ಕರಗುತ್ತಾ ತಾನೇ ಬ್ಯಾಟರಿ ಆಗಿತ್ತು, ನಾನು ಸುಮ್ನೆ ಖುಷಿಪಟ್ಟೆ.

ಈಗ ನೀರೊಳಗೆ ಲೋಹವೇ ಇಲ್ಲ. ರಾಡಿಯೊಳಗೆ ಒಂದು ಕಾರ್ಬನ್ ಫೆಲ್ಟ್ (ಕಾರ್ಬನ್ ಎಳೆಯ ಕಂಬಳಿಯಂಥ ಬಟ್ಟೆ) ತುಂಡು, ನೀರಿನ ಮೇಲ್ಭಾಗದಲ್ಲಿ ಇನ್ನೊಂದು, ಎರಡಕ್ಕೂ ಪೆನ್ಸಿಲ್ ಕಡ್ಡಿ ಚುಚ್ಚಿ ಹೊರಗೆ ತಂದು ಅಲ್ಲಿ ವೈರ್ ಸೇರಿಸಿದ್ದೇನೆ. ನಡುವೆ 1 ಕಿಲೋ ಓಮ್ ರೆಸಿಸ್ಟರ್. ಬರುತ್ತಿರುವುದು 38 ಮಿಲಿವೋಲ್ಟ್, ಅಂದರೆ 38 ಮೈಕ್ರೋಆಂಪ್. ಕಡಿಮೆ, ಆದರೆ ನಿಜವಾದದ್ದು.

ರಾಡಿ ತಂದದ್ದು ಹಳೆ ಬಾಗಲಕೋಟೆ ಕಡೆಯ ಆಲಮಟ್ಟಿ ಹಿನ್ನೀರಿನ ದಂಡೆಯಿಂದ. ಒಂದು ಗೇಣು ಅಗೆದರೆ ಕಪ್ಪಗೆ, ಕೊಳೆತ ಮೊಟ್ಟೆ ವಾಸನೆ. ಅಲ್ಲಿ ಆಮ್ಲಜನಕ ಇಲ್ಲ ಅಂತ ಅರ್ಥ. ಇಂಥ ಕಡೆ ಬದುಕುವ ಕೆಲವು ಬ್ಯಾಕ್ಟೀರಿಯಾ ತಿಂದ ಅನ್ನದ ಎಲೆಕ್ಟ್ರಾನನ್ನು ಕಬ್ಬಿಣ, ಮ್ಯಾಂಗನೀಸ್ ಅದಿರಿಗೆ ದಾಟಿಸುತ್ತವೆ. ನ್ಯೂಯಾರ್ಕ್ ರಾಜ್ಯದ ಒನೈಡಾ ಕೆರೆಯ ಕೆಸರಿನಲ್ಲಿ ಸಿಕ್ಕ ಶೆವನೆಲ್ಲಾ ಎಂಬ ಬ್ಯಾಕ್ಟೀರಿಯಾ ಬಗ್ಗೆ 1988ರಲ್ಲಿ ಬರೆದದ್ದು ಇದನ್ನೇ. ಅದಿರಿನ ಜಾಗದಲ್ಲಿ ಕಾರ್ಬನ್ ಇಟ್ಟರೆ ಎಲೆಕ್ಟ್ರಾನ್ ನಮ್ಮ ವೈರಿಗೆ ಬರುತ್ತದೆ.

ಶೆವನೆಲ್ಲಾಗೆ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್‌ನ ಇನ್ನೊಂದು ರೂಪ) ಅಂದರೆ ಪ್ರೀತಿ. ಸೋಂಕಿಗೆ ದೇಹವೇ ವಿಪರೀತ ಸ್ಪಂದಿಸಿ ಅಂಗಾಂಗ ಕೆಡುವ ಸೆಪ್ಸಿಸ್ ಆದಾಗ ಆಸ್ಪತ್ರೆಯಲ್ಲಿ ಅಳೆಯುವುದೂ ಲ್ಯಾಕ್ಟೇಟನ್ನೇ. ಮನೆಯಲ್ಲಿ ರಕ್ತ, ಕೀವು ಮುಟ್ಟುವ ಕೆಲಸ ಬೇಡವೇ ಬೇಡ. ಆದರೆ ಅವ್ವ ಶ್ರೀಖಂಡಕ್ಕೆ ಮೊಸರು ಕಟ್ಟಿದ್ದಳು, ಬಟ್ಟೆಯಿಂದ ತಿಳಿನೀರು ಸೋರುತ್ತಿತ್ತು. ಅದರಲ್ಲೂ ಲ್ಯಾಕ್ಟಿಕ್ ಆಸಿಡ್ ಇದೆ ಅಲ್ವಾ? ಹುಳಿ ಹೋಗಲಿ ಅಂತ ನೊರೆ ನಿಲ್ಲುವ ತನಕ ಚಿಟಿಕೆ ಚಿಟಿಕೆ ಅಡುಗೆ ಸೋಡಾ ಹಾಕಿ, 5 ಎಂಎಲ್ ಸಿರಿಂಜಿನಲ್ಲಿ ರಾಡಿಗೆ ಬಿಟ್ಟೆ.

"ರಾಡಿಗಿ ಉಣಿಸಾಕತ್ತಿ, ನೀ ಊಟಾ ಮಾಡಿಯೇನು?" ಅಂದಳು ಅವ್ವ.

ಮೊದಲ ಅರ್ಧ ಗಂಟೆ ಏನೂ ಇಲ್ಲ. ಆಮೇಲೆ 41, 47, ಮೂರು ತಾಸಿಗೆ 63. ಗುಜರಿಗೆ ಹಾಕಬೇಕಿದ್ದ ಕುಕ್ಕರಿನಲ್ಲಿ ಬೇಯಿಸಿದ ರಾಡಿಯ ಡಬ್ಬಿ ಮಾತ್ರ 2ರಲ್ಲೇ ನಿಂತಿತ್ತು, ಅದಕ್ಕೂ ಅಷ್ಟೇ ನೀರು ಕೊಟ್ಟಿದ್ದೆ. ಹಾಗಾದರೆ ಕೆಲಸ ಮಾಡುತ್ತಿರುವುದು ಜೀವ ಇರುವ ರಾಡಿಯೇ.

ಖುಷಿ ಒಂದೇ ದಿನ. ಮರುದಿನ ಸಕ್ಕರೆ ನೀರು ಹಾಕಿದರೆ ಅದಕ್ಕೂ 58! ಮೊಸರಿನ ನೀರಲ್ಲೂ ಹಾಲಿನ ಸಕ್ಕರೆ ಇರುತ್ತದೆ, ಅದು ನನಗೆ ಆಗ ಹೊಳೆದಿರಲಿಲ್ಲ. ಅಂದರೆ ನನ್ನ ಡಬ್ಬಿ "ಊಟ ಬಂತು" ಅನ್ನುತ್ತದೆ, ಏನು ಊಟ ಅಂತ ಹೇಳುವುದಿಲ್ಲ. ಲ್ಯಾಬಿನವರು ಇದಕ್ಕೇ ಬ್ಯಾಕ್ಟೀರಿಯಾದ ಜೀನಿನಲ್ಲಿ ಸ್ವಿಚ್ ಕೂರಿಸುತ್ತಾರೆ. ಗಾಯಕ್ಕೆ ಸೋಂಕು ತರುವ ಸ್ಯೂಡೋಮೋನಾಸ್ ಬ್ಯಾಕ್ಟೀರಿಯಾ ತಮ್ಮತಮ್ಮಲ್ಲಿ ಸುದ್ದಿ ಮುಟ್ಟಿಸಲು ಬಿಡುವ ರಾಸಾಯನಿಕ ಸಿಕ್ಕಾಗ ಮಾತ್ರ ಸ್ವಿಚ್ ಆನ್ ಆಗಿ ಒಂದು ಕಿಣ್ವ ತಯಾರಾಗುತ್ತದೆ. ಆ ಕಿಣ್ವ ಮೊದಲೇ ಹಾಕಿಟ್ಟ ವಸ್ತುವನ್ನು ಕತ್ತರಿಸುತ್ತದೆ, ಆ ತುಂಡನ್ನು ಎಲೆಕ್ಟ್ರೋಡ್ (ನನ್ನ ಕಾರ್ಬನ್ ತುಂಡಿನಂಥದ್ದು) ಗುರುತಿಸುತ್ತದೆ. ಅದು ನನ್ನ ಅಟ್ಟದ ಕೆಲಸವಲ್ಲ.

ಸೋಪು ಮಾಡುವವರು ಬಳಸುವ ಸೋಡಿಯಂ ಲ್ಯಾಕ್ಟೇಟ್ ತರಿಸುತ್ತಿದ್ದೇನೆ. ಮುಂದಿನ ಸಲ ಒಂದೇ ರಾಡಿಯ ಮೂರು ಡಬ್ಬಿ, ಅದಕ್ಕೆ ಮೂರು ಅಳತೆಯ ಲ್ಯಾಕ್ಟೇಟ್. ಅಟ್ಟದ ಮೇಲೆ ಮಧ್ಯಾಹ್ನದ ಬಿಸಿಲಿಗೇ ರೀಡಿಂಗ್ ಏರುತ್ತಿತ್ತು, ಹಾಗಾಗಿ ಡಬ್ಬಿ ಈಗ ಮಂಚದ ಕೆಳಗೆ. ರಾತ್ರಿ 10ಕ್ಕೆ 44.