ಅಕ್ಕನ ಕಣ್ಣು

ನಿನ್ನೆ ಅಕ್ಕನ ಜೊತೆ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿದ್ದೆ. ಅವಳಿಗೀಗ 56. "ಎಷ್ಟು ನಿದ್ದೆ ಮಾಡಿದರೂ ಎಲ್ಲರೂ ಸುಸ್ತಾಗಿದ್ದೀಯಾ ಅಂತಾರೆ ಕಣೇ" ಅಂತ ಬಹಳ ದಿನದಿಂದ ಹೇಳುತ್ತಿದ್ದಳು.

ಮುಖಕ್ಕೆ ವಯಸ್ಸಾಗೋದು ಅಂದ್ರೆ ಬರೀ ಸುಕ್ಕು ಅಂದುಕೊಂಡಿದ್ದೆ. ಹಾಗಲ್ಲ. ಕೆನ್ನೆಯ ಕೊಬ್ಬು ಕರಗಿ ಜಾರುತ್ತದೆ, ಒಳಗಿನ ಮೂಳೆಯೂ ಸವೆಯುತ್ತದೆ. ಅದಕ್ಕೇ ಒಂದೊಂದಕ್ಕೆ ಒಂದೊಂದು ದಾರಿ. ಹಣೆಯ ಗೆರೆಗೆ ಬೊಟಾಕ್ಸ್ ಅನ್ನೋ ಸ್ನಾಯು ಸಡಿಲಿಸುವ ಇಂಜೆಕ್ಷನ್, ಅದರ ಪರಿಣಾಮವೂ 3-4 ತಿಂಗಳು ಅಷ್ಟೇ. ತಗ್ಗಾದ ಕಡೆ ತುಂಬಲು ಫಿಲ್ಲರ್ ಅನ್ನೋ ಇಂಜೆಕ್ಷನ್. ಜೋತುಬಿದ್ದ ದವಡೆ, ಕುತ್ತಿಗೆಗೆ ಫೇಸ್‌ಲಿಫ್ಟ್ ಸರ್ಜರಿ. ಅದರಲ್ಲಿ ಸುಮ್ನೆ ಚರ್ಮ ಎಳೆದು ಹೊಲಿಯುವುದಿಲ್ಲ, ಕೆಳಗಿನ ಪದರವನ್ನೂ ಬಿಗಿ ಮಾಡುತ್ತಾರೆ. ಊತ ಇಳಿಯಲು ವಾರಗಳೇ ಬೇಕು. ಸಿಗರೇಟು ಸೇದುವವರಿಗಂತೂ ಗಾಯ ಬೇಗ ಮಾಯುವುದಿಲ್ಲ, ಅಪಾಯವೂ ಜಾಸ್ತಿ.

ಅಕ್ಕನಿಗೆ ಇದ್ಯಾವುದೂ ಬೇಡ. ಮೇಲಿನ ರೆಪ್ಪೆಯ ಇಳಿಬಿದ್ದ ಚರ್ಮ ತೆಗೆಸಿದರೆ ಸಾಕು. ಹೊಲಿಗೆಯ ಗುರುತು ರೆಪ್ಪೆಯ ಮಡಿಕೆಯಲ್ಲೇ ಅಡಗಿಬಿಡುತ್ತದೆ.

ಕನ್ನಡಿ ಹಿಡಿದು ಬೆರಳಿನಿಂದ ರೆಪ್ಪೆ ಎತ್ತಿ ನೋಡಿಕೊಂಡಳು. ನನಗೆ ಹಳೆಯ ಅಕ್ಕ ಕಂಡಳು. ಬೇಡ ಅನ್ನಬೇಕು ಅಂತಲೇ ಜೊತೆಗೆ ಹೋಗಿದ್ದೆ. ಹೇಳಲು ಬಾಯಿ ಬರಲಿಲ್ಲ. ಈ ಕಣ್ಣೊಳಗಿಂದ ದಿನಾ ನೋಡುವವಳು ಅವಳು, ಅಲ್ವಾ? ಮುಂದಿನ ತಿಂಗಳು ಸರ್ಜರಿ. ಆ ವಾರ ನಾನು ರಜೆ ಹಾಕಿ ಅವಳ ಜೊತೆ ಇರುತ್ತೇನೆ.