ಚುಕ್ಕಿ ಮತ್ತು ಹೆಲ್ಮೆಟ್

ನಮ್ಮ ನಾಯಿ ಚುಕ್ಕಿ ಮನೆಗೆ ಬಂದಾಗ ಅವಳಿಗೆ ಸುಮಾರು 2 ವರ್ಷ. ಅದೂ ಡಾಕ್ಟರ್ ಹಲ್ಲು ನೋಡಿ ಹೇಳಿದ ಅಂದಾಜು. ಅದಕ್ಕೂ ಮೊದಲು ಎಲ್ಲಿದ್ದಳು, ಯಾರ ಕೈಯಲ್ಲಿ ಏನು ಪಟ್ಟಳು, ಹೇಳುವವರಿಲ್ಲ. ಹೆಲ್ಮೆಟ್ ಹಾಕಿದವರು ಕಂಡರೆ ಮಾತ್ರ ಅವಳಿಗೆ ಜೀವವೇ ಹೋದಂತಾಗುತ್ತಿತ್ತು.

ಮೊದಲು ಎಡವಿದ್ದು ನಾನೇ. ನಾಯಿಗೆ ಜನರ ಅಭ್ಯಾಸ ಆಗಬೇಕು ಅಂತ ಎರಡನೇ ದಿನವೇ ಆರು ಜನ ಗೆಳೆಯರನ್ನು ಕರೆದೆ. ಎಲ್ಲರಿಗೂ ನಾಯಿ ಅಂದರೆ ಇಷ್ಟ. ಹಾಗಾಗಿ ಎಲ್ಲರೂ ಒಬ್ಬರ ಹಿಂದೊಬ್ಬರು ಬಗ್ಗಿ ತಲೆ ಸವರಿದರು. ಚುಕ್ಕಿ ಆಕಳಿಸಿದಳು, ಮತ್ತೆ ಮತ್ತೆ ಮೂತಿ ನೆಕ್ಕಿಕೊಂಡಳು. "ಪಾಪ, ನಿದ್ದೆ ಬಂದಿದೆ" ಅಂತ ನಕ್ಕೆವು. ಅದು ನಿದ್ದೆಯಲ್ಲ, ಗಾಬರಿ ಅಂತ ಗೊತ್ತಾಗಿದ್ದು ಅವಳು ಮಂಚದ ಕೆಳಗೆ ನುಗ್ಗಿ ಉಚ್ಚೆ ಮಾಡಿಕೊಂಡಾಗ. ಆ ರಾತ್ರಿ ಊಟವನ್ನೂ ಮುಟ್ಟಲಿಲ್ಲ.

ಆಮೇಲೆ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಅಕ್ಕನ ಮಗ ಅವಳ ಚಾಪೆ ಹತ್ತಿರ ಹೋದಾಗ ಗುರ್ ಅಂದಳು. ನಾನು ಜೋರಾಗಿ ಗದರಿದೆ. ಸುಮ್ಮನಾದಳು. ಬುದ್ಧಿ ಬಂತು ಅಂದುಕೊಂಡೆ. ಒಂದು ವಾರ ಕಳೆದು ಹುಡುಗ ಮತ್ತೆ ಅಲ್ಲಿಗೇ ಹೋದ. ಈ ಸಲ ಗುರ್ ಅನ್ನಲೇ ಇಲ್ಲ, ಸೀದಾ ಬಾಯಿ ಹಾಕಿದಳು. ಪುಣ್ಯಕ್ಕೆ ಸಿಕ್ಕಿದ್ದು ಅಂಗಿಯ ತೋಳು ಮಾತ್ರ. "ದೂರ ಇರು" ಅಂತ ಹೇಳಲು ಅವಳಿಗಿದ್ದ ಮಾತೇ ಆ ಗುರ್. ಅದನ್ನೇ ನಾನು ಆಡಬೇಡ ಅಂದಿದ್ದೆ. ಭಯ ಇದ್ದ ಹಾಗೇ ಇತ್ತು.

ಅವತ್ತು ಸಂಜೆ ತರಬೇತಿ ಕೊಡುವವರೊಬ್ಬರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಹೇಳಿದರು: "ಮರಿಗಳು ಹೊಸದನ್ನೆಲ್ಲ ಸಲೀಸಾಗಿ ಒಪ್ಪಿಕೊಳ್ಳೋದು 3ರಿಂದ 12-14 ವಾರದವರೆಗೆ. ನಿಮ್ಮವಳ ಆ ವಯಸ್ಸು ಯಾವತ್ತೋ ದಾಟಿದೆ. ಊರವರೆಲ್ಲ ಅವಳಿಗೆ ಗೆಳೆಯರಾಗೋದು ಬೇಡ. ಜನ ಓಡಾಡ್ತಿದ್ರೂ ಅವಳ ಪಾಡಿಗೆ ಅವಳು ಆರಾಮಾಗಿದ್ರೆ ಸಾಲದಾ?"

ಸಾಕಲ್ವಾ! ಮೊದಲ ಕೆಲಸ, ಮಗುವಿಗೂ ಚಾಪೆಗೂ ನಡುವೆ ಒಂದು ಅಡ್ಡಗೇಟು ಬಂತು. ಆಮೇಲೆ ಹೆಲ್ಮೆಟ್.

ಹಾಲ್‌ನ ಮೂಲೆಯಲ್ಲಿ ಖಾಲಿ ಹೆಲ್ಮೆಟ್ ಇಟ್ಟೆ. ಬೇಯಿಸಿದ ಕೋಳಿಯನ್ನು ಕಡಲೆಕಾಳಿನಷ್ಟು ಸಣ್ಣಗೆ ಹೆಚ್ಚಿಕೊಂಡೆ. ಅವಳು ಹೆಲ್ಮೆಟ್ ನೋಡಿದ ಕೂಡಲೇ ಒಂದು ತುಂಡು. ಹೆಲ್ಮೆಟ್ ಮರೆಯಾದರೆ ತುಂಡೂ ಬಂದ್. ಮೊದಲು ಹೆಲ್ಮೆಟ್, ಆಮೇಲೆ ತಿಂಡಿ. ಇದು ಉಲ್ಟಾ ಆದರೆ ತಿಂಡಿ ಕಂಡರೇ ಹೆದರುತ್ತಾಳೆ, ಹಿಂದೆಯೇ ಹೆಲ್ಮೆಟ್ ಬರುತ್ತೆ ಅಂತ. ದಿನಕ್ಕೆ ಎರಡು ಸಲ, ಐದೈದು ನಿಮಿಷ, ಅಷ್ಟೇ. ಹೆಲ್ಮೆಟ್ ನೆಲದಿಂದ ನನ್ನ ಕೈಗೆ ಬರಲು ಹತ್ತು ದಿನ ಹಿಡಿಯಿತು. ಕೈಗೆ ಬಂದಿದ್ದೇ ತಡ, ನನಗೆ ಆತುರ. ತಲೆಗೆ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಚುಕ್ಕಿ ಮತ್ತೆ ಮಂಚದ ಕೆಳಗೆ. ನೆಲದಿಂದಲೇ ಪುನಃ ಶುರು.

ಕೂರು, ಬಾ ಅನ್ನೋದನ್ನೆಲ್ಲ ಎರಡೇ ದಿನದಲ್ಲಿ ಕಲಿತಳು. ಅದರಲ್ಲಿ ಹೇಳುವಂಥದ್ದೇನಿಲ್ಲ.

ರಸ್ತೆಯಲ್ಲಿ ಅಳತೆಗೋಲು ಅವಳ ಬಾಯಿ. ಗಾಡಿಯವರನ್ನು ನೋಡಿಯೂ ತುಂಡು ತಿಂದರೆ ದೂರ ಸರಿಯಾಗಿದೆ. ತುಂಡಿಗೆ ಮೂತಿ ತಿರುಗಿಸಿದರೆ ಜಾಸ್ತಿ ಹತ್ತಿರ ಬಂದಿದ್ದೇವೆ, ಹಿಂದೆ ಸರಿಯಬೇಕು. ಶುರುವಿಗೆ ಅದು ಮೂವತ್ತು ಹೆಜ್ಜೆ. ಬೆಲ್ಟನ್ನೂ ಕುತ್ತಿಗೆಯಿಂದ ಎದೆಗೆ ಬದಲಾಯಿಸಿದೆ. ಹೆದರಿ ಎಳೆದಾಗ ಕುತ್ತಿಗೆಗೂ ನೋವಾದರೆ ಆ ಸಿಟ್ಟೂ ಹೆಲ್ಮೆಟ್ ಮೇಲೆಯೇ ಅಲ್ವಾ? ದಿನಾ ಒಂದೇ ಮರದ ಕೆಳಗೆ ನಿಲ್ಲುತ್ತಿದ್ದ ನಮ್ಮನ್ನು ನೋಡಿ ಪಕ್ಕದ ಮನೆ ಅಜ್ಜ, "ನಾಯಿ ವಾಕಿಂಗ್ ಹೋಗುತ್ತೋ, ಕಾವಲಿಗೆ ನಿಲ್ಲುತ್ತೋ?" ಅಂತ ಕೇಳಿದರು. ಎರಡು ತಿಂಗಳಲ್ಲಿ ಮೂವತ್ತು ಹೆಜ್ಜೆ ಎಂಟಕ್ಕೆ ಇಳಿಯಿತು.

ಮೊನ್ನೆ ಪಾರ್ಸೆಲ್ ತಂದ ಹುಡುಗ ಹೆಲ್ಮೆಟ್ ತೆಗೆಯದೆ ಗೇಟಿನ ಆಚೆ ನಿಂತ. ನನ್ನ ಎದೆ ಧಸಕ್ ಅಂತು. ಚುಕ್ಕಿ ಅವನನ್ನು ನೋಡಿದಳು. ಕಿವಿ ಹಿಂದೆ ಹೋಯಿತು. ಆಮೇಲೆ ತಿರುಗಿ ನನ್ನ ಮುಖ ನೋಡುತ್ತಾ ಕೂತಳು. ಜೇಬಿಗೆ ಕೈ ಹಾಕಿದರೆ ಖಾಲಿ! ಸಹಿ ಮಾಡೋದು ಬಿಟ್ಟು ನಾನು ಅಡುಗೆಮನೆಗೆ ಓಡಿದೆ.