ಮದುವೆ ಫೋಟೋ, ನಷ್ಟದ ಲೆಕ್ಕ ಮತ್ತು ಜುಲೈ 31

ಸೈಡ್ ಬಿಸಿನೆಸ್‌ನಲ್ಲಿ ನಷ್ಟ ತೋರಿಸಿದರೆ ಸಂಬಳದಲ್ಲಿ ಮೊದಲೇ ಕತ್ತರಿಸಿದ ತೆರಿಗೆ (ಟಿಡಿಎಸ್) ವಾಪಸ್ ಬರುತ್ತೆ ಅಂತ ಯಾರು ಹಬ್ಬಿಸುತ್ತಾರೋ ಏನೋ. ಪ್ರತಿ ಜುಲೈಯಲ್ಲಿ ಕಲಬುರಗಿಯಲ್ಲಿ ತೆರಿಗೆ ರಿಟರ್ನ್ ಹಾಕಿಕೊಡೋ ನಮ್ಮ ಆಫೀಸಿಗೆ ಈ ಆಸೆ ಇಟ್ಟುಕೊಂಡು ಬರೋರು ಇದ್ದೇ ಇರುತ್ತಾರೆ. ಬರಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 71(2ಎ) ಕಲಂ ಆ ದಾರಿ ಮುಚ್ಚಿ ಎಷ್ಟೋ ವರ್ಷ ಆಯ್ತು. ವ್ಯಾಪಾರದ ನಷ್ಟವನ್ನು ಅದೇ ವರ್ಷದ ಬಾಡಿಗೆ, ಬಡ್ಡಿ ಆದಾಯದಲ್ಲಿ ಕಳೀಬಹುದು, ಸಂಬಳದಲ್ಲಿ ಅಲ್ಲ. ಉಳಿದದ್ದನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು, ವ್ಯಾಪಾರದ ಲಾಭ ಬಂದಾಗ ಕಳೀಬಹುದು. ಅದಕ್ಕೂ ರಿಟರ್ನ್ ಗಡುವಿನೊಳಗೆ ಹೋಗಿರಬೇಕು.

2024ರ ಜುಲೈ ಕೊನೆಗೆ ಬಂದವರು ಸೇಡಂ ಕಡೆಯ ಸಿಮೆಂಟ್ ಫ್ಯಾಕ್ಟರಿಯೊಂದರ ಎಂಜಿನಿಯರ್. ರಜೆ ದಿನ ಮದುವೆ ಫೋಟೋ ತೆಗೀತಾರೆ. ಯಾವುದೋ ವಿಡಿಯೋ ನೋಡಿ ಬಂದಿದ್ದರು. "5 ವರ್ಷದಾಗ 3 ವರ್ಷ ಲಾಭ ಇರಬೇಕಂತಲ್ರಿ ಮೇಡಂ? ಇಲ್ಲಾಂದ್ರ ಹವ್ಯಾಸ ಅಂತಾರಂತ." ಅದು ಅಮೆರಿಕದ ಕಾನೂನು. ಅಲ್ಲೂ ಅದು ಲಾಭದ ಉದ್ದೇಶ ಇದೆ ಅಂತ ಊಹಿಸೋಕೆ ಇರೋ ಅಳತೆ, ಅಷ್ಟೆ. ಆಗ ಜಾರಿಯಲ್ಲಿದ್ದ ನಮ್ಮ 1961ರ ಕಾಯ್ದೆಯಲ್ಲಿ ಅಂಥ ವರ್ಷಗಳ ಲೆಕ್ಕ ಇರಲಿಲ್ಲ. ಕೆಲಸ ಸತತವಾಗಿ ನಡೀತಿದೆಯಾ, ಗಿರಾಕಿ ದುಡ್ಡು ಕೊಟ್ಟು ಬರ್ತಾರಾ, ಲಾಭಕ್ಕೆ ಅಂತಲೇ ಮಾಡ್ತಿದ್ದಾರಾ, ಇದಕ್ಕೆ ಕಾಗದ ಏನಿದೆ, ಇಷ್ಟು ನೋಡ್ತಾರೆ.

ನಮ್ಮ ಆಫೀಸಿನ ಸರ್ ಆದಾಯದ ಲೆಕ್ಕ ನೋಡಿ, "44ಎಡಿ ಹಾಕಿ 6 ಪರ್ಸೆಂಟ್ ತೋರಿಸಿ ಮುಗಿಸಮ್ಮ" ಅಂದರು. ಅಂದರೆ ಖರ್ಚಿನ ಲೆಕ್ಕ ಬಿಟ್ಟು, ವಹಿವಾಟಿನ ಇಷ್ಟು ಪಾಲು ಲಾಭ ಅಂತ ಊಹಿಸಿ ತೋರಿಸೋ ಕಲಂ. ವ್ಯಾಪಾರದ ಲಾಭ-ನಷ್ಟ ತೋರಿಸೋ ರಿಟರ್ನ್ ಫಾರ್ಮ್ ಐಟಿಆರ್-3 ಹಿಡಿದು ಕೂತರೆ ಅರ್ಧ ದಿನ ಹೋಗುತ್ತೆ, ಫೀಸು ಮಾತ್ರ ಸಂಬಳದವರ ರಿಟರ್ನ್‌ದೇ. ಅವರ ಅವಸರ ನನಗೆ ಅರ್ಥ ಆಗುತ್ತೆ. ಆದರೆ ನಷ್ಟ ಆದವರ ಹತ್ರ ಲಾಭ ಅಂತ ಬರೆಸಿ ತೆರಿಗೆ ಕಟ್ಟಿಸೋದು ನ್ಯಾಯನಾ? ಒಮ್ಮೆ 44ಎಡಿಗೆ ಹೋಗಿ 5 ವರ್ಷದೊಳಗೆ ಹೊರಗೆ ಬಂದರೆ ಮತ್ತೆ 5 ವರ್ಷ ಆ ಕಡೆ ಹೋಗೋ ಹಾಗಿಲ್ಲ. ಅದನ್ನು ಆ ಮನುಷ್ಯನಿಗೆ ಯಾರು ಹೇಳ್ತಾರೆ?

ಮೊದಲು ನನಗೂ ಇದು ಹವ್ಯಾಸ ಅಂತಲೇ ಅನಿಸಿತ್ತು. ಅವರು ಬ್ಯಾಗಿನಿಂದ ಒಂದು ಉದ್ದನೆಯ ಡೈರಿ ತೆಗೆದರು. ಪುಟಕ್ಕೊಂದು ಮದುವೆ. ಮೇಲೆ ಮುಹೂರ್ತ, ಕಲ್ಯಾಣ ಮಂಟಪ. ಕೆಳಗೆ ಅಡ್ವಾನ್ಸ್, ಬಾಕಿ, ಆಲ್ಬಂ ಕೊಟ್ಟ ದಿನ. ಜೊತೆಗೆ ಬಂದ ಹುಡುಗನ ಕೂಲಿ. ಬಾಕಿ ಬರದ ಕಡೆ ಕೆಂಪು ಪೆನ್ನಿನ ಗೆರೆ. ಅಡ್ವಾನ್ಸ್ ಎಲ್ಲ ಫೋನ್‌ಪೇಯಲ್ಲಿ ಬಂದಿದ್ದು, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿದೆ, ಕೂಡಿತು. ಹೈದರಾಬಾದಿನಲ್ಲಿ ಕೊಂಡ ಲೆನ್ಸ್‌ನ ಬಿಲ್ ಅವರ ಹೆಸರಲ್ಲೇ ಇತ್ತು. ಇದು ವ್ಯಾಪಾರ. ಇಷ್ಟು ನೀಟಾಗಿ ಲೆಕ್ಕ ಇಡೋ ಅಂಗಡಿಯವರೇ ಕಡಿಮೆ.

ಹಂಗಂತ ಎಲ್ಲ ಖರ್ಚೂ ಹಾಕೋಕಾಗಲ್ಲ. ಮನೆಯವರ ಜೊತೆ ಬೀದರ್ ಕೋಟೆ ನೋಡೋಕೆ ಹೋದ ಪೆಟ್ರೋಲ್ ಬಿಲ್ ತೆಗೆಸಿದೆ, ವ್ಯಾಪಾರದ ಖರ್ಚಿನ ಕಲಂ 37(1)ರಲ್ಲಿ ಸ್ವಂತದ ಖರ್ಚು ನಿಲ್ಲಲ್ಲ. ಕ್ಯಾಮೆರಾಗೆ ಸವಕಳಿ (ಬಳಸಿ ಸವೆದ ಬೆಲೆಗೆ ಕಳೆಯೋದು) 15%, ಲ್ಯಾಪ್‌ಟಾಪ್‌ಗೆ 40%, ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ ಹೊಸ ಲೆನ್ಸ್‌ಗೆ ಅರ್ಧ. ಸವಕಳಿ ಪಾಲಿಗೆ 8 ವರ್ಷದ ಮಿತಿ ಇಲ್ಲ, ಅದಕ್ಕೇ ಬೇರೆಯಾಗಿ ತೋರಿಸಿದೆ.

ಗಂಟು ಬಿದ್ದಿದ್ದು ಜುಲೈ 31ರ ರಾತ್ರಿ, ಆ ವರ್ಷದ ಗಡುವಿನ ಕೊನೆ ದಿನ. ಅವರಿಗೆ ಹೋಮ್ ಲೋನ್ ಇತ್ತು, 80ಸಿ ಉಳಿತಾಯ ಇತ್ತು, ಇವನ್ನೆಲ್ಲ ಕಳೆಯೋಕೆ ಬಿಡೋ ಹಳೇ ತೆರಿಗೆ ಪದ್ಧತಿಯೇ ಲಾಭ. ಬರೀ ಸಂಬಳ ಆಗಿದ್ದರೆ ಹಳೇ ಪದ್ಧತಿ ಬೇಕು ಅಂತ ರಿಟರ್ನ್‌ನಲ್ಲೇ ಟಿಕ್ ಮಾಡಿದರೆ ಸಾಕಿತ್ತು. ವ್ಯಾಪಾರದ ಆದಾಯ ಇದ್ದರೆ ಗಡುವಿನೊಳಗೆ 10-ಐಇಎ ಅನ್ನೋ ಬೇರೆ ಫಾರ್ಮ್ ಹಾಕಿ, ಅದರ ಅಕ್ನಾಲೆಜ್‌ಮೆಂಟ್ ನಂಬರ್ ಐಟಿಆರ್‌ನಲ್ಲಿ ಕೊಡಬೇಕಿತ್ತು. ಅದೇ ವರ್ಷದಿಂದ ಬಂದ ಫಾರ್ಮ್ ಅದು. ರಿಟರ್ನ್ ವೆರಿಫೈ ಮಾಡೋಕೆ 30 ದಿನ ಸಿಗುತ್ತೆ, ಈ ಫಾರ್ಮ್‌ಗೆ ಆಗಲೇ ಓಟಿಪಿ ಬೇಕು. ಆಧಾರ್‌ಗೆ ಲಿಂಕ್ ಆದ ಸಿಮ್ ಊರಲ್ಲಿ ಅವರ ಅಪ್ಪನ ಹತ್ರ!

ಹತ್ತು ಗಂಟೆ ದಾಟಿತ್ತು. ಪೋರ್ಟಲ್ ಸುತ್ತುತ್ತಲೇ ಇತ್ತು. ಮೂರನೇ ಸಲಕ್ಕೆ ಫೋನ್ ಎತ್ತಿದ ಅಪ್ಪ ಓಟಿಪಿ ಹೇಳೋಕೆ ತಯಾರಿಲ್ಲ. "ಯಾರಿಗೂ ಹೇಳಬ್ಯಾಡ್ರಿ ಅಂತ ಬ್ಯಾಂಕಿನವ್ರು ಹೇಳ್ಯಾರ." "ಅಪ್ಪಾ, ನಾನೇ ಕೇಳ್ಲಿಕತ್ತೀನಿ." "ನೀ ಅಂತ ನನಗ ಹ್ಯಾಂಗ ಗೊತ್ತಾಗಬೇಕು?" ಅಷ್ಟರಲ್ಲಿ ಸೆಷನ್ ಹೋಯ್ತು. ಮತ್ತೆ ಲಾಗಿನ್, ಮತ್ತೆ ಓಟಿಪಿ. ನಾನು ವಾಚ್ ನೋಡೋದೂ ಬಿಟ್ಟೆ. ಕೊನೆಗೆ ಅವರ ಅವ್ವ ಫೋನ್ ಇಸಕೊಂಡು ಆರು ಅಂಕಿ ಒಂದೊಂದಾಗಿ ಓದಿದರು. 10-ಐಇಎ ಹೋಯ್ತು. ರಿಟರ್ನ್ ಫೈಲ್ ಅಪ್‌ಲೋಡ್ ಆಗಿ ಐಟಿಆರ್-3 ಸಹ ಅದೇ ದಿನಾಂಕದಲ್ಲಿ ಕೂತಿತು.

ರಿಟರ್ನ್ ನೋಡಿ ಇಲಾಖೆ ಕಳಿಸೋ 143(1) ಪತ್ರ ಬಂದಾಗ ನಷ್ಟ ಪೂರ್ತಿ ಒಪ್ಪಿದ್ದರು. ಅದರ ಹಿಂದಿನ ವರ್ಷದ ನಷ್ಟ ಮಾತ್ರ ಸಿಗಲಿಲ್ಲ. ಬೇರೆಲ್ಲೋ ಐಟಿಆರ್-1ರಲ್ಲಿ ಬರೀ ಸಂಬಳ ತೋರಿಸಿ ಮುಗಿಸಿದ್ದರು, ಫೋಟೋ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಅದು ನನಗೆ ಈಗಲೂ ಸಂಕಟ. ದುಡಿದು ಕಳಕೊಂಡವರ ಲೆಕ್ಕವನ್ನು ಯಾರೋ ಅವಸರದಲ್ಲಿ ಅಳಿಸಿದ ಹಾಗೆ.

ಈಗ ಸಂಬಳದವರು ಬಂದರೆ ಫಾರ್ಮ್ 16 ಕೈಗೆ ತಗೊಳ್ಳೋ ಮೊದಲೇ ಕೇಳ್ತೀನಿ: ಬೇರೆ ಏನಾದ್ರೂ ಮಾಡ್ತೀರಾ, ಹಳೇ ಪದ್ಧತಿ ಬೇಕಾ, ಆಧಾರ್ ಸಿಮ್ ಯಾರ ಹತ್ರ ಇದೆ? ಐಟಿಆರ್-3ಕ್ಕೆ ಬೇರೆ ಫೀಸು ಇಡಿ ಅಂತ ಸರ್‌ಗೂ ಹೇಳಿದ್ದೇನೆ. ಇನ್ನೂ ಇಟ್ಟಿಲ್ಲ.